ನಾಯಕ ಸತ್ತ ಕಾರ್ಟೂನು: ಒಂದು ಚಿತ್ರ, ನಾಲ್ಕು ಬಗೆಯ ನೋಡುಗರು

ಒಂದೇ ಚಿತ್ರವನ್ನು ಒಟ್ಟಿಗೆ ನೋಡಿ ಹೊರಬಂದ ಇಬ್ಬರು ಒಂದೇ ಮಾತನ್ನು ಹೇಳುವುದು ಅಪರೂಪ. ಒಬ್ಬನಿಗೆ ಬಹಳ ಹಿಡಿಸಿದ್ದು ಇನ್ನೊಬ್ಬನಿಗೆ ಸಪ್ಪೆಯೆನಿಸುತ್ತದೆ. ಮಗನು ಕುಣಿದಾಡುತ್ತ ನೋಡಿದ್ದನ್ನು ತಂದೆ ಆಕಳಿಸುತ್ತ ನೋಡುತ್ತಾನೆ. ಇವರಲ್ಲಿ ಯಾರು ಸರಿ, ಯಾರು ತಪ್ಪು ಎಂಬ ಚರ್ಚೆ ತರಗತಿಯಲ್ಲಿ ಎದ್ದರೆ ಸಾಮಾನ್ಯವಾಗಿ ಗಟ್ಟಿಯಾಗಿ ಕೂಗಿದವನೇ ಗೆಲ್ಲುತ್ತಾನೆ. ಇಲ್ಲವಾದರೆ ‘ಅವರವರ ಇಷ್ಟ’ ಎಂದು ಹೇಳಿ ಎಲ್ಲರೂ ಎದ್ದು ಹೋಗುತ್ತಾರೆ. ಎರಡರಿಂದಲೂ ನಾವು ಕಲಿಯುವುದು ಏನೂ ಇಲ್ಲ. ಅಭಿಪ್ರಾಯಗಳು ಬೇರೆಯಾದಾಗ ಅವು ಏಕೆ ಬೇರೆಯಾದುವು ಎಂದು ಹುಡುಕಿ ನೋಡುವುದರಲ್ಲಿಯೇ ವಿದ್ಯಾರ್ಥಿಗೆ ಲಾಭವಿದೆ.

ಈ ಅಭ್ಯಾಸಕ್ಕಾಗಿ ನಾವು 1986ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಟ್ರಾನ್ಸ್‌ಫಾರ್ಮರ್ಸ್: ದಿ ಮೂವಿ’ ಎಂಬ ಮಕ್ಕಳ ಕಾರ್ಟೂನ್ ಚಿತ್ರವನ್ನು ಆರಿಸಿಕೊಂಡಿದ್ದೇವೆ. ಲಾರಿಯಾಗಿ ಮಾರ್ಪಡುವ ಕೆಂಪು–ನೀಲಿ ಬಣ್ಣದ ಯಂತ್ರಮಾನವನನ್ನು ನಮ್ಮ ಮಕ್ಕಳು ಇಂದಿಗೂ ಗುರುತಿಸಬಲ್ಲರು. ಆದರೆ ಅವನನ್ನು ಒಮ್ಮೆ ಅವನ ನಿರ್ಮಾಪಕರೇ ಕೊಲ್ಲಿಸಿದರೆಂಬುದೂ, ಮಕ್ಕಳ ಅಳುವಿಗೆ ಮಣಿದು ಮರಳಿ ಬದುಕಿಸಿದರೆಂಬುದೂ ಹೆಚ್ಚಿನವರಿಗೆ ತಿಳಿದಿರಲಾರದು. ಮಕ್ಕಳ ಮನಸ್ಸಿನಲ್ಲಿ ಕಥೆಯ ಪಾತ್ರವು ಎಷ್ಟು ಆಳವಾಗಿ ಬೇರೂರುತ್ತದೆ, ವ್ಯಾಪಾರವು ಆ ಪ್ರೀತಿಯನ್ನು ಹೇಗೆ ಬಳಸಿಕೊಳ್ಳುತ್ತದೆ, ದೊಡ್ಡವರು ಯಾವುದನ್ನು ಕಾಣದೆ ಹೋಗುತ್ತಾರೆ ಎಂಬ ಮೂರು ವಿಷಯಗಳನ್ನು ಈ ಒಂದು ಪ್ರಸಂಗದಿಂದ ತಿಳಿಯಬಹುದು.

ಆಟಿಕೆಯಿಂದ ಹುಟ್ಟಿದ ಕಥೆ

ಸಾಮಾನ್ಯವಾಗಿ ಮೊದಲು ಕಥೆ ಹುಟ್ಟುತ್ತದೆ. ಅದು ಜನಪ್ರಿಯವಾದ ಮೇಲೆ ಅದರ ಹೆಸರಿನಲ್ಲಿ ಗೊಂಬೆ, ಅಂಗಿ, ಚೀಲಗಳು ಅಂಗಡಿಗೆ ಬರುತ್ತವೆ. ನಮ್ಮ ದೇಶದಲ್ಲಿ 2008ರಲ್ಲಿ ಆರಂಭವಾದ ‘ಛೋಟಾ ಭೀಮ್’ ಕಾರ್ಟೂನಿನ ಚಿತ್ರವು ಶಾಲೆಯ ಚೀಲದ ಮೇಲೂ ಬುತ್ತಿಪೆಟ್ಟಿಗೆಯ ಮೇಲೂ ಬಂದದ್ದು ಈ ಕ್ರಮದಲ್ಲಿಯೇ. ಟ್ರಾನ್ಸ್‌ಫಾರ್ಮರ್ಸ್ ವಿಷಯದಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಅಲ್ಲಿ ಮೊದಲು ಬಂದುದು ಆಟಿಕೆ.

ಜಪಾನಿನ ಟಕಾರಾ ಎಂಬ ಕಂಪನಿಯು ಕಾರು, ಲಾರಿ, ವಿಮಾನಗಳ ರೂಪದಿಂದ ಯಂತ್ರಮಾನವನ ರೂಪಕ್ಕೆ ಮಡಿಸಿ ತಿರುಗಿಸಬಹುದಾದ ಆಟಿಕೆಗಳನ್ನು ಮಾಡುತ್ತಿತ್ತು. ಅಮೆರಿಕದ ಹ್ಯಾಸ್‌ಬ್ರೊ ಕಂಪನಿಯು ಅವುಗಳನ್ನು ತನ್ನ ದೇಶದಲ್ಲಿ ಮಾರುವ ಹಕ್ಕನ್ನು ಪಡೆದು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಬರಿಯ ಆಟಿಕೆಗೆ ಹೆಸರಿಲ್ಲ, ಸ್ವಭಾವವಿಲ್ಲ, ಹಗೆಯಿಲ್ಲ, ಗೆಳೆತನವಿಲ್ಲ. ಆದುದರಿಂದ ಮಾರ್ವೆಲ್ ಎಂಬ ಚಿತ್ರಕಥಾ ಪ್ರಕಾಶನ ಸಂಸ್ಥೆಯ ಲೇಖಕರನ್ನು ಕರೆಸಿ, ಒಂದೊಂದು ಆಟಿಕೆಗೂ ಹೆಸರನ್ನೂ ಗುಣವನ್ನೂ ಬರೆಸಲಾಯಿತು. ಸೈಬರ್ಟ್ರಾನ್ ಎಂಬ ಗ್ರಹ, ಅಲ್ಲಿಯ ಸಜ್ಜನರಾದ ಆಟೋಬಾಟ್‌ಗಳು, ದುರ್ಜನರಾದ ಡಿಸೆಪ್ಟಿಕಾನ್‌ಗಳು, ಅವರ ನಡುವಿನ ಮುಗಿಯದ ಯುದ್ಧ: ಹೀಗೆ ಒಂದು ಲೋಕವೇ ಸಿದ್ಧವಾಯಿತು. ಆಟೋಬಾಟ್‌ಗಳ ನಾಯಕನಿಗೆ ಆಪ್ಟಿಮಸ್ ಪ್ರೈಮ್ ಎಂದೂ, ಎದುರಾಳಿಗೆ ಮೆಗಾಟ್ರಾನ್ ಎಂದೂ ಹೆಸರಾಯಿತು.

1984ರ ಸೆಪ್ಟೆಂಬರಿನಲ್ಲಿ ದೂರದರ್ಶನದ ಕಾರ್ಟೂನ್ ಸರಣಿ ಆರಂಭವಾಯಿತು. ಚಲನಚಿತ್ರ ಬರುವ ಹೊತ್ತಿಗೆ ಅದರ 65 ಕಂತುಗಳು ಪ್ರಸಾರವಾಗಿದ್ದುವು. ಅದೇ 1984ರಲ್ಲಿ ಅಮೆರಿಕ ಸರಕಾರದ ಪ್ರಸಾರ ನಿಯಂತ್ರಣ ಆಯೋಗವು ಮಕ್ಕಳ ಕಾರ್ಯಕ್ರಮಗಳಲ್ಲಿ ಜಾಹೀರಾತು ಇಷ್ಟೇ ಇರಬೇಕೆಂಬ ತನ್ನ ಹಿಂದಿನ ಮಿತಿಯನ್ನು ಕೈಬಿಟ್ಟಿತ್ತು. ಕಾರ್ಯಕ್ರಮವೇ ಆಟಿಕೆಯ ಜಾಹೀರಾತಾಗುವುದಕ್ಕೆ ಬಾಗಿಲು ತೆರೆದಂತಾಯಿತು. ಮಕ್ಕಳ ದೂರದರ್ಶನಕ್ಕಾಗಿ 1968ರಿಂದ ದುಡಿಯುತ್ತಿದ್ದ ಪೆಗಿ ಚ್ಯಾರೆನ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಇದನ್ನು ಬಲವಾಗಿ ವಿರೋಧಿಸಿದರು. 1990ರಲ್ಲಿ ಅಮೆರಿಕದಲ್ಲಿ ಮಕ್ಕಳ ದೂರದರ್ಶನ ಕಾಯಿದೆ ಜಾರಿಯಾಗಿ, ಮಕ್ಕಳ ಕಾರ್ಯಕ್ರಮದ ಒಂದು ಗಂಟೆಯಲ್ಲಿ ವಾರದ ಕೊನೆಯ ದಿನಗಳಂದು ಹತ್ತೂವರೆ ನಿಮಿಷ, ಉಳಿದ ದಿನಗಳಂದು 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಕೂಡದೆಂದು ಗೊತ್ತಾಯಿತು. ನಮ್ಮ ಚಿತ್ರವು ತಯಾರಾದುದು ಈ ಎರಡು ವರ್ಷಗಳ ನಡುವಿನ ಅವಧಿಯಲ್ಲಿ ಎಂಬುದನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ಮಾರಾಟಕ್ಕಾಗಿ ಹುಟ್ಟಿದ ಪಾತ್ರವಾದರೂ ಆಪ್ಟಿಮಸ್ ಪ್ರೈಮನು ಮಕ್ಕಳ ಮನೆಯವನೇ ಆದನು. ಇದಕ್ಕೆ ಒಂದು ಮುಖ್ಯ ಕಾರಣ ಅವನ ಧ್ವನಿ. ಧ್ವನಿ ಕೊಟ್ಟ ಪೀಟರ್ ಕಲನ್ ಎಂಬ ನಟರು ಸೈನ್ಯದಲ್ಲಿದ್ದ ತಮ್ಮ ಅಣ್ಣನನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪಾತ್ರವನ್ನು ಮಾತನಾಡಿಸಿದರೆಂದು ಹೇಳಿಕೊಂಡಿದ್ದಾರೆ. ನಿಜವಾದ ಬಲಶಾಲಿಗೆ ಮೃದುವಾಗಿರಲೂ ಬರಬೇಕು ಎಂಬ ಅರ್ಥದ ಬುದ್ಧಿಮಾತನ್ನು ಆ ಅಣ್ಣ ಹೇಳಿದ್ದನಂತೆ. ಕಾರ್ಟೂನಿನ ನಾಯಕರು ಕಿರುಚಾಡುತ್ತಿದ್ದ ಕಾಲದಲ್ಲಿ ಈ ನಾಯಕನು ತಗ್ಗಿದ ದನಿಯಲ್ಲಿ, ಮನೆಯ ಹಿರಿಯನಂತೆ ಮಾತನಾಡಿದನು.

ಚಿತ್ರದಲ್ಲಿ ನಡೆದುದೇನು?

ಚಿತ್ರವು 1986ರ ಆಗಸ್ಟ್ 8ರಂದು ಬಿಡುಗಡೆಯಾಯಿತು. ನಿರ್ದೇಶಕರು ನೆಲ್ಸನ್ ಶಿನ್. ಚಿತ್ರಕಥೆ ರಾನ್ ಫ್ರೀಡ್‌ಮನ್ ಅವರದು. ಚಿತ್ರಗಳನ್ನು ಬರೆದು ಚಲಿಸುವಂತೆ ಮಾಡಿದವರು ಜಪಾನಿನ ಟೋಯೆ ಅನಿಮೇಷನ್ ಸಂಸ್ಥೆಯವರು. ಕಥೆ ನಡೆಯುವ ಕಾಲ 2005. ಅಂದಿನವರಿಗೆ ಅದು ದೂರದ ಭವಿಷ್ಯ.

ಗ್ರಹಗಳನ್ನೇ ನುಂಗುವ ಯೂನಿಕ್ರಾನ್ ಎಂಬ ಮಹಾದೈತ್ಯನು ಒಂದು ಲೋಕವನ್ನು ನುಂಗುವುದರೊಂದಿಗೆ ಚಿತ್ರ ಆರಂಭವಾಗುತ್ತದೆ. ಮುಂದೆ ಮೆಗಾಟ್ರಾನನ ಪಡೆಯು ಆಟೋಬಾಟ್‌ಗಳ ನೌಕೆಯೊಂದರೊಳಗೆ ನುಗ್ಗಿ, ಮಕ್ಕಳು ಎರಡು ವರ್ಷಗಳಿಂದ ಬಲ್ಲ ಐರನ್‌ಹೈಡ್, ರ‍್ಯಾಚೆಟ್ ಮುಂತಾದವರನ್ನು ಕೆಲವೇ ನಿಮಿಷಗಳಲ್ಲಿ ಕೊಂದುಹಾಕುತ್ತದೆ. ದೂರದರ್ಶನದ ಸರಣಿಯಲ್ಲಿ ಎಷ್ಟು ಗುಂಡು ಹಾರಿದರೂ ಇಂಥ ಪಾತ್ರಗಳು ಮರುವಾರ ಎದ್ದು ಬರುತ್ತಿದ್ದುವು. ಇಲ್ಲಿ ಎದ್ದು ಬರಲಿಲ್ಲ.

ಬಳಿಕ ಭೂಮಿಯ ಮೇಲಿನ ಆಟೋಬಾಟ್ ನಗರದಲ್ಲಿ ಆಪ್ಟಿಮಸನಿಗೂ ಮೆಗಾಟ್ರಾನನಿಗೂ ದ್ವಂದ್ವಯುದ್ಧ ನಡೆಯುತ್ತದೆ. ಆಪ್ಟಿಮಸನು ಗೆಲ್ಲುವ ಹಂತದಲ್ಲಿರುವಾಗ ಹಾಟ್ ರಾಡ್ ಎಂಬ ಎಳೆಯ ಯೋಧನು ಸಹಾಯಕ್ಕೆಂದು ನಡುವೆ ಧುಮುಕುತ್ತಾನೆ. ಮೆಗಾಟ್ರಾನನು ಅವನನ್ನೇ ಗುರಾಣಿಯಂತೆ ಹಿಡಿದು ಆಪ್ಟಿಮಸನಿಗೆ ಗುಂಡಿಕ್ಕುತ್ತಾನೆ. ಗಾಯಗೊಂಡ ನಾಯಕನು ಹಾಸಿಗೆಯಲ್ಲಿ ಮಲಗಿ, ನಾಯಕತ್ವದ ಚಿಹ್ನೆಯಾದ ಮ್ಯಾಟ್ರಿಕ್ಸ್ ಎಂಬ ವಸ್ತುವನ್ನು ಅಲ್ಟ್ರಾ ಮ್ಯಾಗ್ನಸ್ ಎಂಬವನಿಗೆ ಒಪ್ಪಿಸಿ ಪ್ರಾಣಬಿಡುತ್ತಾನೆ. ಕೆಂಪು, ನೀಲಿ ಬಣ್ಣಗಳೆಲ್ಲ ಮಾಸಿ ಅವನ ಮೈ ಬೂದುಬಣ್ಣಕ್ಕೆ ತಿರುಗುವುದನ್ನು ತೆರೆಯ ಮೇಲೆ ಸ್ಪಷ್ಟವಾಗಿ ತೋರಿಸಲಾಗಿದೆ. ಸುಮಾರು 85 ನಿಮಿಷಗಳ ಚಿತ್ರದಲ್ಲಿ ಇಷ್ಟಾಗುವಾಗ ಇನ್ನೂ ಅರ್ಧ ಭಾಗವೂ ಮುಗಿದಿರುವುದಿಲ್ಲ. ಕೊನೆಗೆ ಹಾಟ್ ರಾಡನೇ ಮ್ಯಾಟ್ರಿಕ್ಸನ್ನು ತೆರೆದು, ರೋಡಿಮಸ್ ಪ್ರೈಮ್ ಎಂಬ ಹೊಸ ನಾಯಕನಾಗಿ ಯೂನಿಕ್ರಾನನನ್ನು ನಾಶಮಾಡುತ್ತಾನೆ.

ಆಪ್ಟಿಮಸನು ಸತ್ತುದು ಏಕೆ? ಕಥೆಗೆ ಅವನ ಸಾವು ಬೇಕೆಂದು ಯಾರಿಗೂ ಮೊದಲಿಗೆ ಅನ್ನಿಸಿರಲಿಲ್ಲ. 1984 ಮತ್ತು 1985ರ ಆಟಿಕೆಗಳನ್ನು ಅಂಗಡಿಯಿಂದ ತೆಗೆದು 1986ರ ಹೊಸ ಆಟಿಕೆಗಳನ್ನು ಇಡಬೇಕಾಗಿತ್ತು. ಹಳೆಯ ಸರಕು ಹೋಗಬೇಕಾದರೆ ಹಳೆಯ ಪಾತ್ರಗಳೂ ಹೋಗಬೇಕು. ತಂಡದ ಲೇಖಕರೇ ನಂತರದ ವರ್ಷಗಳಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆಪ್ಟಿಮಸನನ್ನು ತೆಗೆಯುವುದೆಂದರೆ ಮನೆಯಿಂದ ತಂದೆಯನ್ನೇ ತೆಗೆದಂತೆ, ಬೇಡ ಎಂದು ತಾವು ಎಚ್ಚರಿಸಿದ್ದುದಾಗಿ ಫ್ರೀಡ್‌ಮನ್ ಹೇಳಿದ್ದಾರೆ.

ಮಕ್ಕಳ ಅಳು, ದೊಡ್ಡವರ ಬೆರಗು

ಚಿತ್ರಮಂದಿರಗಳಲ್ಲಿ ಮಕ್ಕಳು ಅತ್ತರು. ಕೆಲವರನ್ನು ತಾಯ್ತಂದೆಯರು ಚಿತ್ರದ ನಡುವೆಯೇ ಹೊರಗೆ ಕರೆದುಕೊಂಡು ಹೋದರು. ಕಂಪನಿಗೆ ಮಕ್ಕಳ ಮತ್ತು ಪೋಷಕರ ದೂರಿನ ಪತ್ರಗಳು ಬಂದುವು. ನಿರ್ಮಾಪಕರಿಗೆ ಇದು ಅನಿರೀಕ್ಷಿತವಾಗಿತ್ತು. ಅವರ ಲೆಕ್ಕದಲ್ಲಿ ಒಂದು ಮಾದರಿಯ ಆಟಿಕೆ ನಿಂತುಹೋಗಿ ಇನ್ನೊಂದು ಮಾದರಿ ಬಂದಿತ್ತು. ಮಕ್ಕಳ ಲೆಕ್ಕದಲ್ಲಿ ಒಬ್ಬ ವ್ಯಕ್ತಿ ಸತ್ತುಹೋಗಿದ್ದನು.

ಪರಿಣಾಮಗಳು ಬೇಗನೆ ಕಂಡುಬಂದುವು. ಅದೇ ಕಂಪನಿಯ ‘ಜಿ.ಐ. ಜೋ’ ಎಂಬ ಇನ್ನೊಂದು ಆಟಿಕೆ ಸರಣಿಯ ಚಿತ್ರವೂ ಆಗ ತಯಾರಾಗುತ್ತಿತ್ತು. ಅದರಲ್ಲಿ ಡ್ಯೂಕ್ ಎಂಬ ನಾಯಕನು ಸಾಯಬೇಕೆಂದಿತ್ತು. ಟ್ರಾನ್ಸ್‌ಫಾರ್ಮರ್ಸ್ ಚಿತ್ರದ ಗಲಾಟೆಯನ್ನು ಕಂಡು, ಸಂಭಾಷಣೆಯನ್ನು ಮಾತ್ರ ಬದಲಾಯಿಸಿ, ಅವನು ಪ್ರಜ್ಞೆ ತಪ್ಪಿ ಮಲಗಿದ್ದಾನೆಂದೂ, ಚಿತ್ರದ ಕೊನೆಗೆ ಚೇತರಿಸಿಕೊಂಡನೆಂದೂ ಹೇಳಿಸಿದರು. ಆ ಚಿತ್ರ 1987ರಲ್ಲಿ ಹೊರಬಂದಾಗ ಕಣ್ಣಿಗೆ ಕಾಣುವುದು ಒಂದು, ಕಿವಿಗೆ ಕೇಳುವುದು ಇನ್ನೊಂದು ಎಂಬಂತಾಗಿತ್ತು. ಟ್ರಾನ್ಸ್‌ಫಾರ್ಮರ್ಸ್ ಚಿತ್ರದ ಬ್ರಿಟನ್ನಿನ ಪ್ರತಿಯ ಕೊನೆಯಲ್ಲಿ ಆಪ್ಟಿಮಸನು ಹಿಂತಿರುಗಿ ಬರುವನೆಂದು ಸಮಾಧಾನದ ಮಾತೊಂದನ್ನು ಸೇರಿಸಲಾಯಿತು. 1987ರ ಆರಂಭದಲ್ಲಿ ದೂರದರ್ಶನದ ಸರಣಿಯಲ್ಲಿ ಎರಡು ಕಂತುಗಳ ಕಥೆಯೊಂದರ ಮೂಲಕ ಆಪ್ಟಿಮಸನು ನಿಜವಾಗಿಯೂ ಬದುಕಿ ಬಂದನು.

ಹಣದ ದೃಷ್ಟಿಯಿಂದಲೂ ಚಿತ್ರ ಸೋತಿತ್ತು. ಸುಮಾರು 60 ಲಕ್ಷ ಡಾಲರ್ ವೆಚ್ಚದ ಈ ಚಿತ್ರವು ಅಮೆರಿಕದ ಚಿತ್ರಮಂದಿರಗಳಲ್ಲಿ ಗಳಿಸಿದ್ದು ಸುಮಾರು 58 ಲಕ್ಷ ಡಾಲರ್. ಅದರಲ್ಲಿ ಚಿತ್ರಮಂದಿರದವರ ಪಾಲನ್ನು ಕಳೆದರೆ ನಿರ್ಮಾಪಕರಿಗೆ ನಷ್ಟವೇ.

ನಾಲ್ಕು ಬಗೆಯ ನೋಡುಗರು

ಇನ್ನು ಅಭಿಪ್ರಾಯಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯವರು ಅಂದಿನ ಮಕ್ಕಳು. ಅವರಲ್ಲಿಯೂ ಎಲ್ಲರೂ ಅಳಲಿಲ್ಲ. ದೊಡ್ಡ ತೆರೆಯ ಮೇಲಿನ ಯುದ್ಧ, ವೇಗ, ರಾಕ್ ಸಂಗೀತ, ಗ್ರಹವನ್ನೇ ನುಂಗುವ ದೈತ್ಯ ಇವುಗಳಿಂದ ಬಹಳ ಮಂದಿ ಮರುಳಾದರು. ಆದರೆ ಹೆಚ್ಚಿನ ಮಕ್ಕಳು ಕೇಳಿದ ಪ್ರಶ್ನೆ ಒಂದೇ: ‘ನಮ್ಮ ಆಪ್ಟಿಮಸನಿಗೆ ಏನಾಯಿತು?’ ಚಿತ್ರ ಚೆನ್ನಾಗಿದೆಯೇ ಇಲ್ಲವೇ ಎಂಬುದು ಅವರಿಗೆ ಎರಡನೆಯ ಮಾತು.

ಎರಡನೆಯವರು ಪೋಷಕರು. ‘ಇದು ನನ್ನ ಮಗುವಿಗೆ ತಕ್ಕದ್ದೇ?’ ಎಂಬುದು ಅವರ ಪ್ರಶ್ನೆ. ಆಟಿಕೆಯ ಹೆಸರಿನ ಚಿತ್ರವೆಂದು ನಂಬಿ ಎಳೆಯರನ್ನು ಕರೆತಂದವರಿಗೆ ಸಾಲು ಸಾಲಾಗಿ ಸಾವುಗಳು ಎದುರಾದುವು. ಒಂದು ಬೈಗುಳವೂ ಕಿವಿಗೆ ಬಿತ್ತು. ಚಿತ್ರಕ್ಕೆ ಪೋಷಕರ ಮಾರ್ಗದರ್ಶನ ಬೇಕೆಂಬ ಪ್ರಮಾಣಪತ್ರವೇನೋ ಇತ್ತು. ಆದರೆ ಜಾಹೀರಾತಿನ ಬಣ್ಣದ ಮುಂದೆ ಆ ಎರಡಕ್ಷರ ಎಷ್ಟು ಮಂದಿಯ ಕಣ್ಣಿಗೆ ಬಿದ್ದೀತು?

ಮೂರನೆಯವರು ಪತ್ರಿಕೆಗಳ ವಿಮರ್ಶಕರು. ‘ಇದು ಒಳ್ಳೆಯ ಸಿನಿಮಾವೇ?’ ಎಂದು ಅವರು ಕೇಳಿದರು. ಎಳೆಯರನ್ನು ಈ ಹೊಡೆದಾಟ ಹಿಡಿದಿಡಬಹುದು, ದೊಡ್ಡವರನ್ನು ಸೆಳೆಯುವ ಮಾನವೀಯ ಅಂಶ ಇದರಲ್ಲಿ ಕಡಿಮೆ ಎಂಬ ಅರ್ಥದ ವಿಮರ್ಶೆಯು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದಿತು. ಇದು ಚಿತ್ರವೇ ಅಲ್ಲ, ಉದ್ದನೆಯ ಆಟಿಕೆ ಜಾಹೀರಾತು ಎಂಬ ಆಕ್ಷೇಪವೂ ಇತ್ತು. ಸರಣಿಯನ್ನು ನೋಡಿರದವರಿಗೆ ಪಾತ್ರಗಳ ಹೆಸರೂ ತಿಳಿಯದು. ಹೆಸರು ತಿಳಿಯದವನ ಸಾವಿಗೆ ಕಣ್ಣೀರು ಬರುವುದಾದರೂ ಹೇಗೆ?

ನಾಲ್ಕನೆಯವರು ಬೆಳೆದು ದೊಡ್ಡವರಾದ ಅದೇ ಮಕ್ಕಳು. ಇದೇ ಸ್ವಾರಸ್ಯದ ಸಂಗತಿ. ಎಂಟು ವರ್ಷದವರಾಗಿದ್ದಾಗ ಅತ್ತವರು ಮೂವತ್ತು, ನಲವತ್ತರ ಪ್ರಾಯದಲ್ಲಿ ಈ ಚಿತ್ರವನ್ನು ಹುಡುಕಿ ನೋಡಿದರು. 2018ರಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಇದನ್ನು ಮತ್ತೆ ತೋರಿಸಲಾಯಿತು. ಚಿತ್ರವು ತಮ್ಮನ್ನು ಗಂಭೀರವಾಗಿ ಪರಿಗಣಿಸಿತು, ಯುದ್ಧವೆಂದರೆ ಜನರು ಸಾಯುತ್ತಾರೆ ಎಂಬ ಸತ್ಯವನ್ನು ಮುಚ್ಚಿಡಲಿಲ್ಲ ಎಂದು ಅವರಲ್ಲಿ ಅನೇಕರು ಹೇಳುತ್ತಾರೆ. ಇನ್ನು ಕೆಲವರು, ಅಂದಿನ ನೋವು ಇನ್ನೂ ಆರಿಲ್ಲ, ತಮ್ಮ ಮಕ್ಕಳಿಗೆ ಇದನ್ನು ತೋರಿಸಲಾರೆವು ಎನ್ನುತ್ತಾರೆ. ಬಾಲ್ಯದ ನೆನಪು ಕಹಿಯನ್ನೂ ಸಿಹಿ ಮಾಡುತ್ತದೆ ಎಂಬುದನ್ನು ಇಲ್ಲಿ ಮರೆಯಬಾರದು.

ನಾಲ್ವರೂ ನೋಡಿದ್ದು ಒಂದೇ ಚಿತ್ರ. ಆದರೆ ನಾಲ್ವರು ಉತ್ತರಿಸಿದ್ದು ನಾಲ್ಕು ಪ್ರಶ್ನೆಗಳಿಗೆ. ವಿಮರ್ಶಕನು ‘ಚಿತ್ರ ಸಾಧಾರಣ’ ಎಂದರೆ ಮಗುವಿನ ದುಃಖ ಸುಳ್ಳಾಗುವುದಿಲ್ಲ. ಮಗು ಅತ್ತಿತು ಎಂದರೆ ಚಿತ್ರ ಕೆಟ್ಟದ್ದೆಂದು ತೀರ್ಮಾನವಾಗುವುದಿಲ್ಲ. ಚರ್ಚೆಯಲ್ಲಿ ನಮ್ಮೆದುರಿಗಿರುವವನು ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದಾನೆಂದು ಮೊದಲು ಗುರುತಿಸಬೇಕು. ಅರ್ಧದಷ್ಟು ಜಗಳಗಳು ಅಲ್ಲಿಯೇ ಮುಗಿಯುತ್ತವೆ.

ತಲೆ ಎಣಿಸಿದರೆ ಸಾಲದು

ಇಂದು ಚಿತ್ರವೊಂದು ತೆರೆಗೆ ಬಂದ ದಿನವೇ ‘ಇಷ್ಟು ಶೇಕಡಾ ಜನರು ಮೆಚ್ಚಿದರು’ ಎಂಬ ಸಂಖ್ಯೆ ಹೊರಬೀಳುತ್ತದೆ. ಈ ಸಂಖ್ಯೆಯನ್ನು ಓದುವುದನ್ನೂ ಕಲಿಯಬೇಕು. ಒಂದು ಸಣ್ಣ ಲೆಕ್ಕವನ್ನು ಮಾಡೋಣ.

ಮೊದಲನೆಯ ಚಿತ್ರವನ್ನು 10 ಮಂದಿ ನೋಡಿ, ಪ್ರತಿಯೊಬ್ಬರೂ 10ಕ್ಕೆ 6 ಅಂಕ ಕೊಟ್ಟರೆಂದು ತಿಳಿಯಿರಿ. ಒಟ್ಟು 60 ಅಂಕ, ಸರಾಸರಿ 6. ಎರಡನೆಯ ಚಿತ್ರವನ್ನು ನೋಡಿದ 10 ಮಂದಿಯಲ್ಲಿ 6 ಮಂದಿ ಪೂರ್ಣ 10 ಅಂಕ ಕೊಟ್ಟರು, 4 ಮಂದಿ ಸೊನ್ನೆ ಕೊಟ್ಟರು. ಒಟ್ಟು 60 ಅಂಕ. ಸರಾಸರಿ ಮತ್ತೆ 6. ಸರಾಸರಿಯನ್ನು ಮಾತ್ರ ನೋಡಿದರೆ ಎರಡೂ ಚಿತ್ರಗಳು ಒಂದೇ. 5ಕ್ಕಿಂತ ಹೆಚ್ಚು ಅಂಕ ಕೊಟ್ಟವರನ್ನು ‘ಮೆಚ್ಚಿದವರು’ ಎಂದು ಎಣಿಸಿದರೆ ಮೊದಲನೆಯದನ್ನು ಶೇಕಡಾ 100 ಮಂದಿ ಮೆಚ್ಚಿದರು, ಎರಡನೆಯದನ್ನು ಶೇಕಡಾ 60 ಮಂದಿ ಮಾತ್ರ. ಆದರೆ ಯಾರಾದರೂ ಮನಸಾರೆ ಪ್ರೀತಿಸಿದ ಚಿತ್ರ ಯಾವುದು? ಎರಡನೆಯದೇ.

ಅಭಿಪ್ರಾಯ ಇಬ್ಭಾಗವಾಗಿದೆಯೆಂದರೆ ಚಿತ್ರ ಅರ್ಧ ಒಳ್ಳೆಯದು, ಅರ್ಧ ಕೆಟ್ಟದ್ದು ಎಂದಲ್ಲ. ಯಾವುದೋ ಒಂದು ವಿಷಯವು ಕೆಲವರ ಮನಸ್ಸಿನ ಮರ್ಮಕ್ಕೆ ತಾಗಿದೆ ಎಂದರ್ಥ. ಸಂಖ್ಯೆಯು ಆ ವಿಷಯ ಏನೆಂದು ಹೇಳಲಾರದು. ಅದನ್ನು ಜನರ ಕಾರಣಗಳಿಂದಲೇ ತಿಳಿಯಬೇಕು.

ಮಕ್ಕಳ ಕಥೆಯಲ್ಲಿ ಸಾವು ಇರಬಾರದೇ?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಮಕ್ಕಳ ಚಿತ್ರದಲ್ಲಿ ನಾಯಕನು ಸತ್ತದ್ದೇ ತಪ್ಪೆಂದು ಹೇಳಬಹುದೇ? ಹಾಗೆ ಹೇಳುವುದು ನಮಗೆ ಸರಿಯೆನಿಸುವುದಿಲ್ಲ. 1942ರ ‘ಬ್ಯಾಂಬಿ’ ಚಿತ್ರದಲ್ಲಿ ಜಿಂಕೆಮರಿಯ ತಾಯಿ ಬೇಟೆಗಾರನ ಗುಂಡಿಗೆ ಬಲಿಯಾಗುತ್ತದೆ. 1994ರ ‘ಲಯನ್ ಕಿಂಗ್’ ಚಿತ್ರದಲ್ಲಿ ಸಿಂಹದ ಮರಿಯ ಕಣ್ಣೆದುರಿನಲ್ಲೇ ತಂದೆ ಸಾಯುತ್ತಾನೆ. ಇವು ಮಕ್ಕಳ ಚಿತ್ರಗಳಲ್ಲವೆಂದು ಯಾರೂ ಹೇಳರು. ನಮ್ಮ ಪುಣ್ಯಕೋಟಿಯ ಕಥೆಯ ಕೊನೆಗೆ ಹುಲಿಯು ಪ್ರಾಣ ಬಿಡುವುದನ್ನು ಕನ್ನಡದ ಮಕ್ಕಳು ತಲೆಮಾರುಗಳಿಂದ ಕೇಳುತ್ತಲೇ ಬಂದಿದ್ದಾರೆ. ಯಕ್ಷಗಾನದ ತವರಾದ ನಮ್ಮ ಕುಂಬಳೆ ಸೀಮೆಯ ಮಕ್ಕಳಿಗೆ ಅಭಿಮನ್ಯು ಕಾಳಗದ ಆಟವೂ ಹೊಸದಲ್ಲ.

ಅಭಿಮನ್ಯುವಿನ ಸಾವಿಗೂ ಆಪ್ಟಿಮಸನ ಸಾವಿಗೂ ಇರುವ ಅಂತರವನ್ನು ಗಮನಿಸಿರಿ. ಚಕ್ರವ್ಯೂಹದೊಳಗೆ ಹೋಗಲು ಬಲ್ಲ, ಹೊರಬರಲು ಅರಿಯ ಎಂಬ ಒಂದೇ ಮಾತಿನಿಂದ ಪ್ರೇಕ್ಷಕನ ಮನಸ್ಸು ಮೊದಲೇ ಸಿದ್ಧವಾಗುತ್ತದೆ. ಭಾಗವತರ ಪದ, ಚೆಂಡೆಮದ್ದಳೆಯ ನಾದ, ವೇಷಧಾರಿಯ ಅರ್ಥ ಎಲ್ಲವೂ ಆ ದುಃಖಕ್ಕೆ ಬೇಕಾದಷ್ಟು ಹೊತ್ತನ್ನು ಕೊಡುತ್ತವೆ. ಮಗು ಅಜ್ಜನ ಮಗ್ಗುಲಲ್ಲಿ ಕುಳಿತಿರುತ್ತದೆ, ‘ಯಾಕೆ ಅಜ್ಜಾ?’ ಎಂದು ಕೇಳಿದರೆ ಉತ್ತರ ಹೇಳುವವರಿದ್ದಾರೆ. ಅಲ್ಲದೆ ಅಭಿಮನ್ಯು ಸಾಯುವುದು ಕಥೆಯ ಒಳಗಿನ ಕಾರಣದಿಂದ.

ಟ್ರಾನ್ಸ್‌ಫಾರ್ಮರ್ಸ್ ಚಿತ್ರದಲ್ಲಿ ಐರನ್‌ಹೈಡನಂಥವರು ಸತ್ತಾಗ ಅವರಿಗಾಗಿ ಒಂದು ನಿಮಿಷದ ಮೌನವೂ ಇಲ್ಲ. ಆಪ್ಟಿಮಸನಿಗೆ ಮಾತ್ರ ಒಂದು ಬೀಳ್ಕೊಡುಗೆಯಿದೆ. ಅದು ಚೆನ್ನಾಗಿಯೂ ಇದೆ. ಹಾಟ್ ರಾಡನ ದುಡುಕು, ಅದರ ಪಶ್ಚಾತ್ತಾಪ, ಕೊನೆಗೆ ಹೊಣೆ ಹೊರುವ ಯೋಗ್ಯತೆ ಇವು ನಿಜವಾಗಿಯೂ ಒಳ್ಳೆಯ ಕಥೆಯ ಬೀಜಗಳು. ಆದರೆ ಬೀಜ ಮೊಳೆಯುವ ಮೊದಲೇ ಹೊಸ ಹೊಸ ಆಟಿಕೆಗಳ ಮೆರವಣಿಗೆ ಬಂದು ಅದನ್ನು ತುಳಿಯುತ್ತದೆ. ಮಕ್ಕಳು ಅಳುವುದಕ್ಕೆ ಪುರುಸೊತ್ತು ಸಿಗುವುದಿಲ್ಲ.

ಆದುದರಿಂದ ನಮ್ಮ ತೀರ್ಪು ಹೀಗಿದೆ. ಸಾವನ್ನು ತೋರಿಸಿದ್ದು ಚಿತ್ರದ ದೋಷವಲ್ಲ. ಸಾವಿಗೆ ಕಾರಣವಾದ ವ್ಯಾಪಾರದ ಲೆಕ್ಕ, ಅದನ್ನು ತೋರಿಸಿದ ಅವಸರ, ಮಕ್ಕಳನ್ನು ಸಿದ್ಧಗೊಳಿಸದೆ ಇದ್ದುದು ಇವು ದೋಷಗಳು. ಸತ್ತವನನ್ನು ಮರುವರ್ಷ ಎಬ್ಬಿಸಿದ್ದರಿಂದ ಮಕ್ಕಳಿಗೆ ಸಮಾಧಾನವಾಯಿತೇನೋ ನಿಜ. ಆದರೆ ಹಾಟ್ ರಾಡನು ಕಲಿತ ಪಾಠ ಅದರಿಂದ ಹಗುರವಾಯಿತು. ಅಪ್ರಿಯವಾದುದನ್ನೆಲ್ಲ ತಿದ್ದಿಬಿಡಬಹುದೆಂದಾದರೆ ಕಥೆಗೆ ತೂಕ ಉಳಿಯುವುದಿಲ್ಲ. ಡ್ಯೂಕನ ಎದೆಗೆ ತಾಗಿದ ಗಾಯವನ್ನು ತೋರಿಸಿ ‘ಪ್ರಜ್ಞೆ ತಪ್ಪಿದೆ’ ಎಂದು ಹೇಳಿದ್ದನ್ನು ಮಕ್ಕಳಾದರೂ ನಂಬಿಯಾರೇ?

ಈ ತೀರ್ಪನ್ನು ಒಪ್ಪದವರು ಇರಬಹುದು. ‘ಎಂಟು ವರ್ಷದ ಮಗುವಿಗೆ ಕಥೆಯ ತೂಕಕ್ಕಿಂತ ನೆಮ್ಮದಿಯ ನಿದ್ದೆ ಮುಖ್ಯ’ ಎಂದು ಒಬ್ಬ ತಾಯಿ ಹೇಳಿದರೆ ಆ ಮಾತಿನಲ್ಲಿಯೂ ಬಲವಿದೆ. ಆದರೆ ಒಂದು ವಿಷಯದಲ್ಲಿ ಎಲ್ಲರೂ ಒಪ್ಪಬೇಕಾದೀತು. ಈ ಚಿತ್ರದ ಬಗ್ಗೆ ಬಂದ ಅಭಿಪ್ರಾಯಗಳಲ್ಲಿ ಹೊಸದೊಂದನ್ನು ಕಂಡುಹಿಡಿದು ಹೇಳಿದ್ದು ಮಕ್ಕಳ ಅಳುವೇ. ಕಂಪನಿಯು ತಾನು ಆಟಿಕೆಯನ್ನು ಮಾಡಿದೆನೆಂದು ತಿಳಿದಿತ್ತು. ಅದು ಒಬ್ಬ ವ್ಯಕ್ತಿಯನ್ನೇ ಸೃಷ್ಟಿಸಿತ್ತೆಂಬುದನ್ನು ಮಕ್ಕಳು ತಿಳಿಸಿಕೊಟ್ಟರು. 2007ರಲ್ಲಿ ನಟರನ್ನಿಟ್ಟು ಟ್ರಾನ್ಸ್‌ಫಾರ್ಮರ್ಸ್ ಚಿತ್ರವನ್ನು ಮಾಡಿದಾಗ ಆಪ್ಟಿಮಸನ ಧ್ವನಿಗೆ ಮತ್ತೆ ಪೀಟರ್ ಕಲನ್ ಅವರನ್ನೇ ಕರೆದರು. 2024ರ ‘ಟ್ರಾನ್ಸ್‌ಫಾರ್ಮರ್ಸ್ ಒನ್’ ಎಂಬ ಅನಿಮೇಷನ್ ಚಿತ್ರವು ಆಪ್ಟಿಮಸನೂ ಮೆಗಾಟ್ರಾನನೂ ಎಳೆಯ ಗೆಳೆಯರಾಗಿದ್ದ ಕಾಲದ ಕಥೆಯನ್ನು ಹೇಳಿತು. ಮಕ್ಕಳು ಅಂದು ಸುಮ್ಮನಿದ್ದಿದ್ದರೆ ಆ ಲಾರಿಯ ಯಂತ್ರಮಾನವನು 1986ರಲ್ಲಿಯೇ ಅಂಗಡಿಯ ಹಿಂದಿನ ಕೋಣೆಗೆ ಸೇರುತ್ತಿದ್ದನೇನೋ.

ಪೋಷಕರಲ್ಲಿ ಎರಡು ಮಾತು

ನಮ್ಮ ಗಡಿನಾಡಿನ ಮಕ್ಕಳು ಚಿಂಟು ಟಿವಿಯಲ್ಲಿ ಕನ್ನಡದ, ಕೊಚ್ಚು ಟಿವಿಯಲ್ಲಿ ಮಲಯಾಳದ ಕಾರ್ಟೂನುಗಳನ್ನು ನೋಡುತ್ತ ಬೆಳೆದವರು. ‘ಕಾರ್ಟೂನ್ ತಾನೆ, ನೋಡಲಿ’ ಎಂದು ಬಿಟ್ಟುಬಿಡುವುದೂ, ‘ಕಾರ್ಟೂನ್ ನೋಡಿ ಕೆಟ್ಟುಹೋದ’ ಎಂದು ಗದರುವುದೂ ಸುಲಭ. ಇವೆರಡಕ್ಕಿಂತ ಕಷ್ಟದ, ಆದರೆ ಫಲಕಾರಿಯಾದ ಕೆಲಸವೆಂದರೆ ಮಕ್ಕಳ ಜೊತೆಯಲ್ಲಿ ಕುಳಿತು ನೋಡುವುದು.

ಚಿತ್ರಮಂದಿರಕ್ಕೆ ಹೋಗುವ ಮೊದಲು ಪ್ರಮಾಣಪತ್ರವನ್ನು ಗಮನಿಸಿರಿ. ನಮ್ಮ ದೇಶದಲ್ಲಿ 2023ರ ತಿದ್ದುಪಡಿಯ ಬಳಿಕ ‘ಯು/ಎ’ ಎಂಬ ವರ್ಗವನ್ನು 7, 13 ಮತ್ತು 16 ವರ್ಷಗಳ ಮೂರು ಮಟ್ಟಗಳಾಗಿ ವಿಂಗಡಿಸಲಾಗಿದೆ. ಆ ಪ್ರಾಯಕ್ಕಿಂತ ಕಿರಿಯರು ಚಿತ್ರವನ್ನು ನೋಡಬೇಕೇ ಎಂಬುದನ್ನು ಪೋಷಕರೇ ಯೋಚಿಸಿ ನಿರ್ಧರಿಸಬೇಕೆಂಬುದು ಅದರ ಉದ್ದೇಶ. ಕಾರ್ಟೂನಿನಲ್ಲಿ ಪ್ರಿಯವಾದ ಪಾತ್ರ ಸತ್ತು ಮಗು ಅತ್ತರೆ ‘ಅದೆಲ್ಲ ಸುಳ್ಳು, ಅಳಬೇಡ’ ಎನ್ನಬೇಡಿರಿ. ಪಾತ್ರ ಸುಳ್ಳಾದರೂ ಮಗುವಿನ ದುಃಖ ನಿಜ. ‘ಅವನು ನಿನಗೆ ಏಕೆ ಇಷ್ಟವಾಗಿದ್ದ?’ ಎಂದು ಕೇಳಿರಿ. ಮಗುವಿನ ಉತ್ತರದಲ್ಲಿ ಅದು ಯಾವ ಗುಣವನ್ನು ಮೆಚ್ಚುತ್ತದೆಂಬುದು ನಿಮಗೆ ತಿಳಿಯುತ್ತದೆ. ಹೊಸ ಆಟಿಕೆ ಬೇಕೆಂದು ಹಟ ಹಿಡಿದಾಗ, ಆ ಕಥೆ ಆಟಿಕೆಯನ್ನು ಮಾರಲೆಂದೇ ಬಂದುದಿರಬಹುದೇ ಎಂದು ಒಟ್ಟಿಗೆ ಕುಳಿತು ಯೋಚಿಸಿರಿ. ಎಂಟನೆಯ ತರಗತಿಯ ಹುಡುಗನಿಗೆ ಇದು ತಿಳಿಯದ ವಿಷಯವೇನೂ ಅಲ್ಲ.

ಅಭ್ಯಾಸ

1. ಟ್ರಾನ್ಸ್‌ಫಾರ್ಮರ್ಸ್ ಚಿತ್ರದ ನಾಲ್ಕು ಬಗೆಯ ನೋಡುಗರು ಯಾರು? ಪ್ರತಿಯೊಬ್ಬರೂ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದರು?

2. ಐದು ಮಂದಿ 10ಕ್ಕೆ 8 ಅಂಕ, ಐದು ಮಂದಿ 10ಕ್ಕೆ 2 ಅಂಕ ಕೊಟ್ಟ ಚಿತ್ರದ ಸರಾಸರಿ ಎಷ್ಟು? ಆ ಸರಾಸರಿಯನ್ನು ನಿಜವಾಗಿ ಕೊಟ್ಟವರು ಎಷ್ಟು ಮಂದಿ? ಇದರಿಂದ ಏನು ತಿಳಿಯುತ್ತದೆ?

3. ಸತ್ತ ನಾಯಕನನ್ನು ಮರಳಿ ಬದುಕಿಸಿದ್ದು ಸರಿಯೇ? ಸರಿ ಎನ್ನಲು ಎರಡು ಕಾರಣ, ತಪ್ಪು ಎನ್ನಲು ಎರಡು ಕಾರಣ ಬರೆಯಿರಿ. ಬಳಿಕ ನಿಮ್ಮ ಅಭಿಪ್ರಾಯವನ್ನು ಹೇಳಿರಿ.

4. ನೀವು ನೋಡಿದ ಅಥವಾ ಕೇಳಿದ ಯಾವುದಾದರೂ ಕಥೆಯಲ್ಲಿ ಪ್ರಿಯವಾದ ಪಾತ್ರವು ಸತ್ತಿದೆಯೇ? ಆ ಸಾವು ಕಥೆಗೆ ಅಗತ್ಯವಾಗಿತ್ತೇ? ಒಂದು ಪುಟ ಬರೆಯಿರಿ.

5. ಮನೆಯವರೆಲ್ಲ ಸೇರಿ ಒಂದು ಮಕ್ಕಳ ಚಿತ್ರವನ್ನು ನೋಡಿರಿ. ನೋಡಿ ಮುಗಿದೊಡನೆ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳುವ ಮೊದಲೇ, ಪ್ರತಿಯೊಬ್ಬರೂ ಎರಡು ವಾಕ್ಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆಯಲಿ. ಅಜ್ಜ–ಅಜ್ಜಿಯರಿಗೆ ಬರೆಯಲು ಕಷ್ಟವಾದರೆ ಅವರು ಹೇಳಿದ್ದನ್ನು ನೀವು ಬರೆದುಕೊಳ್ಳಿರಿ. ಆ ಚೀಟಿಗಳನ್ನು ತರಗತಿಗೆ ತನ್ನಿರಿ. ಯಾರು ಯಾವ ಪ್ರಶ್ನೆಗೆ ಉತ್ತರ ಹೇಳಿದ್ದಾರೆಂದು ಎಲ್ಲರೂ ಸೇರಿ ನೋಡೋಣ.